ಜೀಪಿನ ಎತ್ತರ

ಗುಡ್ಡ ಹತ್ತುವಾಗ ಬಂಡೆಗೆ ತಗಲುತ್ತದೆಂದು ಮೆಕ್ಯಾನಿಕ್ ತನ್ನ ಜೀಪಿನ ಫುಟ್‌ಬೋರ್ಡನ್ನೇ ಕತ್ತರಿಸಿ ಎಸೆದಿದ್ದ. ಸ್ಪ್ರಿಂಗ್ ಎತ್ತರಿಸಿ, ಸೊಂಟದೆತ್ತರದ ಟೈರು ಹಾಕಿದ್ದ. ಮನೆಯವರ ದಿನದ ಓಡಾಟಕ್ಕೂ ಇದ್ದದ್ದು ಅದೊಂದೇ ಗಾಡಿ. "ಅಮ್ಮ ಹತ್ತೋದು ಹೇಗ್ರೀ?" ಎಂದ ಹೆಂಡತಿಗೆ, "ಅಮ್ಮ ಏನು ಗುಡ್ಡಕ್ಕೆ ಬರ್ತಾರಾ?" ಎಂದು ಬಾಯಿ ಮುಚ್ಚಿಸಿದ್ದ.

ಇವತ್ತು ಅಮ್ಮ ಬಚ್ಚಲಲ್ಲಿ ಜಾರಿ ಬಿದ್ದಳು. ಆಸ್ಪತ್ರೆಗೆ ಹೊರಟರೆ ಜೀಪು ಹತ್ತಲು ಕಾಲೇ ಮೇಲೇಳದು. ಸ್ಟೂಲು ಇಟ್ಟ, ಸಾಲಲಿಲ್ಲ. ಗಂಡ ಹೆಂಡತಿ ಸೇರಿ ಎತ್ತಹೋದರೆ ನೋವಿಗೆ ಚೀರಿದಳು. ಕೆಸರಲ್ಲಿ ಹೂತ ಲಾರಿಯನ್ನೇ ಎಳೆದು ಹಾಕಿದ್ದ ಜೀಪು ಅದು!

ಆಂಬುಲೆನ್ಸಿಗೆ ಫೋನು ಮಾಡಿ ಕಾಯುತ್ತಿದ್ದವನು ಸಿಟ್ಟು ತಡೆಯದೆ ಟೈರಿಗೆ ಒದ್ದ.

ಮೆಟ್ಟಿಲಿಗೆ ಒರಗಿ ನರಳುತ್ತಿದ್ದ ಅಮ್ಮ ಕಣ್ಣು ಬಿಟ್ಟಳು. "ಅದನ್ಯಾಕೋ ಒದೀತೀಯ? ಪಾಪ, ನೀನು ಹೇಳಿದಷ್ಟೇ ಎತ್ತರಕ್ಕೆ ನಿಂತಿದೆ."