ಪುಕ್ಕಲು ಡಾಕ್ಟರಮ್ಮ

ಹಸುಗೂಸು ಎಲ್ಲೇ ಕಾಣಲಿ, ಬಸ್ಸಿನಲ್ಲೋ ಅಂಗಡಿಯ ಸಾಲಿನಲ್ಲೋ, ಡಾಕ್ಟರಮ್ಮನ ಬಲಗೈ ತಾನಾಗಿ ಅದರ ನೆತ್ತಿಗೆ ಹೋಗುತ್ತದೆ. ಆಶೀರ್ವಾದವೆಂದು ಬಗೆದ ತಾಯಂದಿರು ಮಗುವನ್ನು ಇನ್ನಷ್ಟು ಮುಂದೆ ಹಿಡಿಯುತ್ತಾರೆ. ಆ ಬೆರಳುಗಳು ಹುಡುಕುವುದು ಮಾತ್ರ ಬೇರೆ: ಎಲುಬಿನ್ನೂ ಕೂಡದ ಆ ಮೆತ್ತನೆಯ ಜಾಗ ಸಮವಾಗಿದೆಯೋ, ಒಳಗಿನ ಒತ್ತಡಕ್ಕೆ ಉಬ್ಬಿದೆಯೋ ಎಂಬುದನ್ನು. ಸಮವಾಗಿದ್ದರೆ ಒಂದು ನಿಟ್ಟುಸಿರು, ಮತ್ತೆ ಅದೇ ಓಟ. ಒಲೆಯ ಮೇಲೆ ಹಾಲಿಟ್ಟು ಮರೆತವರ ನಡಿಗೆ ಅವರದು. ಜೇಬಿನ ಟಾರ್ಚಿನ ಭಾರಕ್ಕೆ ಬಿಳಿ ಕೋಟು ಒಂದು ಮಗ್ಗುಲಿಗೆ ಜೋತಿರುತ್ತದೆ.

ನೆಗಡಿಯೆಂದು ಬಂದ ಮಗುವಿಗೂ “ಗಲ್ಲಾನ ಎದೆಗೆ ಮುಟ್ಟಿಸು ನೋಡೋಣ ಪುಟ್ಟಾ” ಎಂದು ಕತ್ತಿನ ಬಿಗಿತ ನೋಡುವುದು ಅವರ ರೂಢಿ. ಸಹೋದ್ಯೋಗಿಗಳು ಪುಕ್ಕಲು ಡಾಕ್ಟರಮ್ಮ ಎಂದು ಹೆಸರಿಟ್ಟದ್ದು ಅದಕ್ಕೇ. ಕಂಡ ಜ್ವರದಲ್ಲೆಲ್ಲ ಅವರಿಗೆ ಮಿದುಳು ಜ್ವರದ ನೆರಳು.

ಒಂದು ಮಧ್ಯಾಹ್ನ ಅತ್ತೆ, ಸೊಸೆ, ಮಗ ಮೂವರೂ ಕೂಸನ್ನೆತ್ತಿಕೊಂಡು ಆಸ್ಪತ್ರೆಗೆ ಬಂದರು.

“ಜ್ವರ, ಡಾಕ್ಟ್ರೇ,” ಎಂದಳು ಸೊಸೆ.

“ಆಮೇಲೆ?”

“ಹಾಲು ಕುಡೀತಿಲ್ಲ.”

“ಆಮೇಲೆ?”

ಅತ್ತೆಗೆ ರೇಗಿತು. “ಏನು ಆಮೇಲೆ? ಕಥೆ ಹೇಳೋಕೆ ಬಂದಿದೀವಾ? ಇವಳಿಗೆ ಮಗು ಎತ್ತೋಕೇ ಬರಲ್ಲ. ಎತ್ಕೊಂಡ್ರೆ ಕಿರುಚುತ್ತೆ, ಮಲಗಿಸಿದ್ರೆ ಸುಮ್ಮನಾಗುತ್ತೆ. ಹೆತ್ತವಳ ಮಡಿಲೇ ಬೇಡವಂತೆ ನಮ್ಮ ದೊರೆಗೆ!”

ಸೊಸೆ ತಲೆ ತಗ್ಗಿಸಿದಳು. ಡಾಕ್ಟರಮ್ಮ ಆ ಮಾತಿಗೇ ಎದ್ದು ನಿಂತರು. ಇಷ್ಟು ಎಳೆಯ ಕೂಸಿನ ಕತ್ತು ಎಷ್ಟೋ ಸಲ ಬಿಗಿಯುವುದೇ ಇಲ್ಲ. ಎತ್ತಿದಾಗ ಅಳು ಹೆಚ್ಚುವುದೇ ಸುಳಿವು, ಮಿದುಳನ್ನು ಸುತ್ತಿದ ಪೊರೆಯಲ್ಲಿ ಉರಿಯೆದ್ದಿರಬಹುದು. ನೆತ್ತಿ ಮುಟ್ಟಿದರು. ಉಬ್ಬಿತ್ತು.

“ನಿನ್ನನ್ನ ಬೇಡ ಅಂತಿಲ್ಲ ಕಣಮ್ಮಾ,” ಎಂದರು ಸೊಸೆಗೆ. “ಎತ್ತಿದ್ರೆ ಅದಕ್ಕೆ ನೋಯ್ತಿದೆ.”

ಬೆನ್ನಿನಿಂದ ನೀರು ತೆಗೆದು ನೋಡಬೇಕೆಂದಾಗ ಮಗುವಿನ ಅಪ್ಪ ಬಿಳಿಚಿಕೊಂಡ. “ಬೆನ್ನಿಗೆ ಸೂಜಿನಾ? ಕಾಲು ಬಿದ್ದುಹೋಗುತ್ತಂತೆ. ನಮ್ಮಣ್ಣನ್ನ ಕೇಳ್ತೀನಿ ಇರಿ,” ಎಂದು ಫೋನು ಹಿಡಿದು ವರಾಂಡಕ್ಕೆ ಹೋದ.

ಈ ರೋಗ ಅಣ್ಣನ ಒಪ್ಪಿಗೆಗೆ ಕಾಯುವಂಥದ್ದಲ್ಲ. ಡಾಕ್ಟರಮ್ಮ ಪರೀಕ್ಷೆಗೆ ರಕ್ತ ತೆಗೆದುಕೊಂಡು, ಕ್ರಿಮಿ ಕೊಲ್ಲುವ ಔಷಧಿಯನ್ನು ನರದೊಳಗೆ ಹರಿಯಬಿಟ್ಟು, ನೆಟ್ಟಗೆ ವರಾಂಡಕ್ಕೆ ಬಂದು ಕೈಚಾಚಿದರು. “ಕೊಡಿ, ನಿಮ್ಮಣ್ಣನಿಗೆ ನಾನೇ ಹೇಳ್ತೀನಿ.” ಫೋನಿಗೆ ಹೇಳಿದ್ದು ಇಷ್ಟು: “ಬೆನ್ನಹುರಿ ಮೇಲೇ ಮುಗಿಯುತ್ತೆ, ನಾನು ಚುಚ್ಚೋದು ಅದರ ಕೆಳಗೆ. ಯಾವ ಕ್ರಿಮಿ ಅಂತ ಗೊತ್ತಾಗದೆ ಔಷಧಿ ಕೊಡ್ತಾ ಕೂರೋಕಾಗಲ್ಲ.”

“ನಿಮಗೆ ಭಯ ಆಗಲ್ವಾ ಡಾಕ್ಟ್ರೇ?” ಎಂದಿತು ಆ ಕಡೆಯ ದನಿ.

“ಆಗ್ತಿದೆ. ಅದಕ್ಕೇ ಬೇಗ ಹೂಂ ಅನ್ನಿ.”

ತಿಳಿಯಾಗಿ ಬರಬೇಕಿದ್ದ ನೀರು ಹಾಲು ಬೆರೆತಂತೆ ಮಬ್ಬಾಗಿ ತೊಟ್ಟಿಕ್ಕಿತು. ಮರುದಿನ ಕೂಸಿಗೆ ಫಿಟ್ಸ್ ಬಂದು ಕೈಕಾಲು ಸೆಟೆದಾಗ ಸೊಸೆ ಕಿಟಕಿಯ ಕಂಬಿ ಹಿಡಿದು ನಿಂತುಬಿಟ್ಟಳು. ಡಾಕ್ಟರಮ್ಮನ ತುಟಿ ಒಣಗಿತ್ತು, ಆದರೂ ಸೆಟೆತ ನಿಲ್ಲಿಸುವ ಔಷಧಿಯನ್ನು ತಾವೇ ಏರಿಸಿದರು. ಆಮೇಲಿನ ದಿನಗಳಲ್ಲಿ ಜ್ವರ ಇಳಿಯಿತು, ಕೂಸು ಮೊಲೆಗೆ ಬಾಯಿ ಹಾಕಿತು, ಚುಚ್ಚುಮದ್ದಿನ ಸರದಿ ಪೂರ್ತಿಯಾಯಿತು.

ಗಂಟುಮೂಟೆ ಕಟ್ಟಿ ಹೊರಟವರಿಗೆ ಡಾಕ್ಟರಮ್ಮ ಬಾಗಿಲಲ್ಲೇ ಅಡ್ಡ ನಿಂತರು. ಹೋಗುವ ಕಾಯಿಲೆ ಕಿವಿಯನ್ನೂ ಹೊತ್ತೊಯ್ಯುವುದುಂಟು, ಪರೀಕ್ಷೆ ಆಗಲೇಬೇಕೆಂದರು. ಸೊಸೆಯ ಕಣ್ಣಲ್ಲಿ ಮತ್ತೆ ಕತ್ತಲೆ. ಕಿವಿ ಪರೀಕ್ಷಿಸುವ ಯಂತ್ರದ ಮುಂದೆ ಎಲ್ಲರೂ ಕೂತರು.

ಎರಡೂ ಕಿವಿ ಕೇಳಿಸುತ್ತಿದ್ದವು.

“ನೋಡಿ, ಸುಮ್ಮನೆ ಜೀವ ಹಿಂಡಿದ್ರಿ!” ಎಂದು ಅತ್ತೆ ಅಳುತ್ತಲೇ ನಕ್ಕರು.

“ಹೌದಮ್ಮ, ಸುಮ್ಮನೇ ಹೆದರಿಸಿದೆ,” ಎಂದು ಡಾಕ್ಟರಮ್ಮ ಪೆಟ್ಟು ತಪ್ಪಿಸಿಕೊಂಡವರಂತೆ ಗೋಡೆಗೊರಗಿದರು.

ಲೋಕದಲ್ಲಿ ಇಂಥವರದೊಂದು ಕುಲವೇ ಇದೆ. ಅವರ ಅನುಮಾನ ನಿಜವಾದ ದಿನ ಭೇಷ್ ಎನ್ನುವ ಸ್ಥಿತಿಯಲ್ಲಿ ಯಾರೂ ಇರುವುದಿಲ್ಲ; ಸುಳ್ಳಾದ ದಿನ ಎಲ್ಲರೂ ನಗುತ್ತಾರೆ. ಆ ನಗುವನ್ನು ಇನ್ನೊಮ್ಮೆ ಕೇಳಿಸಿಕೊಳ್ಳುವ ಆಸೆಗೇ ಅವರು ಪ್ರತಿ ಬೆಳಗ್ಗೆ ಮತ್ತೆ ಹೆದರಲು ಹೊರಡುತ್ತಾರೆ.