ಎರಡು ಗಂಟೆಯ ಕರೆ

ಪುಷ್ಪ ಕಡ್ಡಿಪುಡಿ ಬಿಟ್ಟು ವಾರವಾಗಿತ್ತು. ಬೆಳಿಗ್ಗೆಯಿಂದ ದವಡೆ ಸುಮ್ಮನಿರಲಿಲ್ಲ. ಸೆರಗಿನ ತುದಿ ಕಚ್ಚಿದಳು, ಬಿಟ್ಟಳು. ಹುಣಸೆಬೀಜ ಚೀಪಿದಳು, ಅದನ್ನೂ ಉಗಿದಳು.

ಕೊಳ್ಳೇಗಾಲದ ಈ ರೇಷ್ಮೆ ರೀಲಿಂಗ್ ಮನೆಗೆ ಸೇರಿದ ಮೊದಲ ತಿಂಗಳೇ ಆ ಚಟ ಅಂಟಿಕೊಂಡಿದ್ದು. ಬೆಂದ ಹುಳದ ನಾತಕ್ಕೆ ವಾಂತಿ ಬರುತ್ತಿತ್ತು. ಪಕ್ಕದ ಬಿಸಿನೀರಿನ ತೊಟ್ಟಿಯಲ್ಲಿ ನೂಲು ತೆಗೆಯುವ ಪುಟ್ಟಗೌರಮ್ಮ ಎಲೆಅಡಿಕೆಗೆ ಒಂದು ಚಿಟಿಕೆ ಹೊಗೆಸೊಪ್ಪಿನ ಪುಡಿ ಸೇರಿಸಿ ಕೊಟ್ಟಳು. ನಾತ ಹೋಯಿತು. ಈಗ ಕೆನ್ನೆಯ ಒಳಗೆ ಬಿಳಿ ಮಚ್ಚೆ ಎದ್ದಿದೆ. ಹನೂರಿನ ಆರೋಗ್ಯ ಕ್ಯಾಂಪಿನಲ್ಲಿ ಡಾಕ್ಟರು ಟಾರ್ಚ್ ಬಿಟ್ಟು ನೋಡಿ, "ಬಿಡದಿದ್ದರೆ ಇದು ಕ್ಯಾನ್ಸರ್‌ಗೆ ತಿರುಗಬಹುದು" ಎಂದಿದ್ದರು.

ಅಲ್ಲೇ ಸಿಂಧು ಸಿಕ್ಕಿದ್ದು. ಯಳಂದೂರಿನ ಹುಡುಗಿ, ಫೋನಿನ ಮೂಲಕ ಚಟ ಬಿಡಿಸುವ ಕೆಲಸ. "ಗಂಡಸರಿಗೆ ಬೇರೆ, ಹೆಂಗಸರಿಗೆ ಬೇರೆ ರೆಕಾರ್ಡ್ ಮಾಡಿದೀವಿ. ನಿಮಗೆ ಹೆಂಗಸಿನ ದನಿಯಲ್ಲೇ ಕರೆ ಬರುತ್ತೆ, ಮಧ್ಯಾಹ್ನ ಎರಡಕ್ಕೆ. ಮನೇಲಿ ಗಂಡಸರು ಇರಲ್ಲ, ಯಾರಿಗೂ ಗೊತ್ತಾಗಲ್ಲ" ಎಂದಳು. ಎರಡಕ್ಕೆ ತಾನೂ ಮನೆಯಲ್ಲಿರುವುದಿಲ್ಲ ಎಂದು ಪುಷ್ಪ ಹೇಳಲಿಲ್ಲ. ಅಷ್ಟು ಓದಿದವಳಿಗೆ ಎದುರಾಡುವುದು ಹೇಗೆ ಅನ್ನಿಸಿತು. ಅತ್ತೆಗೆ ಗೊತ್ತಾಗದಿದ್ದರೆ ಸಾಕಿತ್ತು. ಗೊತ್ತಾದರೆ ರೀಲಿಂಗಿಗೆ ಹೋಗಿ ಕೆಟ್ಟಳು ಎಂದು ಕೆಲಸ ಬಿಡಿಸಿ ಮನೆಯಲ್ಲಿ ಕೂರಿಸುತ್ತಾಳೆ.

ಇಲ್ಲಿ ರೀಲಿಂಗ್ ಮನೆಯಲ್ಲಿ ಎಲ್ಲರ ಕೈಯೂ ಬಿಸಿನೀರಿನಲ್ಲಿ. ಫೋನುಗಳೆಲ್ಲ ಮೇಸ್ತ್ರಿ ಶಾಂತರಾಜುವಿನ ಮೇಜಿನ ಮೇಲೆ. ಯಾರದು ಬಡಿದುಕೊಂಡರೂ ಅವನೇ ಎತ್ತಿ ಸ್ಪೀಕರ್ ಹಾಕುತ್ತಾನೆ. ಫೋನು ಬಂದವರು ತೊಟ್ಟಿಯ ಮುಂದಿನಿಂದಲೇ ಕೂಗಿ ಮಾತಾಡುತ್ತಾರೆ. ಇವತ್ತು ಎರಡಕ್ಕೆ ಮೊದಲ ಕರೆ ಬಂತು.

"ಲೇ ಪುಷ್ಪಾ, ನಿಂದು!"

"ಕಟ್ ಮಾಡಣ್ಣ!"

ಅಷ್ಟರಲ್ಲಿ ಒತ್ತಿಬಿಟ್ಟಿದ್ದ.

"ನಮಸ್ಕಾರ ಅಕ್ಕಾ. ಇವತ್ತು ಹೊಗೆಸೊಪ್ಪು ಹಾಕಿಕೊಂಡಿರಾ? ಹೌದಾದರೆ ಒಂದು ಒತ್ತಿ, ಇಲ್ಲವಾದರೆ ಎರಡು ಒತ್ತಿ."

ಶಾಂತರಾಜು ಬಾಯಿಯ ಗುಟ್ಕಾವನ್ನು ಬಾಗಿಲಾಚೆ ಉಗಿದು ಬಂದು ನಕ್ಕ. "ಎಂಗ್ಸಾಗಿ ಇದೇನವ್ವ ನಿಂದು? ಒಂದಾ, ಎರಡಾ? ಯಾವ್ದು ಅಂತ ಏಳು, ನಾನೇ ಒತ್ತೀನಿ."

"ಎರಡು."

"ಅಂಗಾರೆ ಮೊನ್ನೆಗಂಟ ಒಂದಾ?"

ಯಾರೋ ಕಿಸಕ್ಕೆಂದರು. ಪುಟ್ಟಗೌರಮ್ಮ ತಲೆ ಎತ್ತಲಿಲ್ಲ, ಎಲೆಅಡಿಕೆ ತುಂಬಿದ ಅವಳ ಕೆನ್ನೆ ಉಬ್ಬಿಯೇ ಇತ್ತು. ಆಚೆ ರೇಷ್ಮೆಗೂಡು ಆರಿಸುತ್ತಿದ್ದ ನಾದಿನಿ ನಾಗಶ್ರೀ ಮಾತ್ರ ಕಣ್ಣು ಕೀಳದೆ ನೋಡುತ್ತಿದ್ದಳು.

ಸಂಜೆ ಬಸ್ ಸ್ಟಾಪಿನಲ್ಲಿ ನಾಗಶ್ರೀ ಬಾಯಿಬಿಟ್ಟಳು. "ಅವ್ವಂಗೆ ಏಳ್ತೀನಿ, ಅತ್ಗೆ."

"ನಿಮ್ಮಣ್ಣ ಪಾಕೀಟು ಪಾಕೀಟು ಅಗೀತಾನಲ್ಲ, ಅದ್ನೂ ಸೇರ್ಸಿ ಏಳು."

"ಅವ್ನು ಗಂಡ್ಸು ಕಣತ್ಗೆ."

ಪುಷ್ಪ ಅವಳೆದುರೇ ಸಿಂಧುವಿಗೆ ಫೋನ್ ಮಾಡಿ ನಡೆದದ್ದು ಹೇಳಿದಳು.

"ಅಯ್ಯೋ! ಟೈಮ್ ಬದಲಾಯಿಸೋಣ. ನೀವು ಒಬ್ಬರೇ ಇರೋ ಹೊತ್ತು ಹೇಳಿ."

ಬೆಳಿಗ್ಗೆ ಒಲೆಯ ಮುಂದೆ ಅತ್ತೆ. ಬಸ್ಸಿನಲ್ಲಿ ನಾದಿನಿ. ಆಮೇಲೆ ಮೇಸ್ತ್ರಿ. ರಾತ್ರಿ ಗಂಡ.

"ಅಂತಾ ಹೊತ್ತೇ ಇಲ್ಲ ಮೇಡಂ."

"ಹಾಗಾದರೆ ಕರೆ ನಿಲ್ಲಿಸಿಬಿಡಲಾ?"

ರಸ್ತೆಯಾಚೆ ಗೂಡಂಗಡಿಯಲ್ಲಿ ಪುಡಿಯ ಪೊಟ್ಟಣಗಳು ಸರವಾಗಿ ತೂಗುತ್ತಿದ್ದವು. ಪುಷ್ಪಳ ಬಾಯಲ್ಲಿ ನೀರೂರಿತು. ಅವಳು ಆ ಕಡೆಗೆ ಬೆನ್ನು ಹಾಕಿದಳು. "ಬ್ಯಾಡಿ. ಎರಡಕ್ಕೇ ಬರ್ಲಿ. ಕೇಳೋರೆಲ್ಲ ಕೇಳಾಯ್ತು."

ಊರು ಬಂದಾಗ ನಾಗಶ್ರೀ ಮೊದಲಿಳಿದು ಬಿರಬಿರನೆ ನಡೆದಳು. ಪುಷ್ಪ ಓಡಿ ಅವಳನ್ನು ದಾಟಿದಳು. ಜಗಲಿಯ ಮೇಲೆ ಅತ್ತೆ ಮಹಾದೇವಮ್ಮ ಅವರೆಕಾಯಿ ಸುಲಿಯುತ್ತಿದ್ದಳು. ಪುಷ್ಪ ಅವಳೆದುರು ಕುಕ್ಕರುಗಾಲಲ್ಲಿ ಕೂತಳು.

"ನೋಡಿ ಅತ್ತೆ" ಎಂದು ಬೆರಳಿನಿಂದ ಕೆನ್ನೆ ಎಳೆದು, ಬಿಳಿ ಮಚ್ಚೆ ಕಾಣುವಂತೆ ಬಾಯಿ ತೆರೆದಳು.