ಸುಲೈಮಾನನ ಬಸ್ಸು

ಪುತ್ತೂರಿನ ಮುಖ್ಯರಸ್ತೆಯಲ್ಲಿ, ಬಟ್ಟೆ ಅಂಗಡಿಯ ಮೇಲಿನ ಮಹಡಿಯಲ್ಲಿ ಮಹಾಬಲ ರೈಗಳ ಟೈಪಿಂಗ್ ಇನ್‌ಸ್ಟಿಟ್ಯೂಟ್ ಇತ್ತು. ಎಂಬತ್ತೇಳನೇ ಇಸವಿಯ ಸುಮಾರಿಗೆ ರೈಗಳಿಗೆ ಕಂಪ್ಯೂಟರಿನ ಹುಚ್ಚು ಹಿಡಿಯಿತು. ಬೆಂಗಳೂರಿನಲ್ಲಿ ಬಾಗಿಲು ಹಾಕಿದ ಯಾವುದೋ ಕಂಪೆನಿಯಿಂದ ಬಿಬಿಸಿ ಎಂಬ ಹೆಸರಿನ ಎರಡು ಕಂಪ್ಯೂಟರುಗಳನ್ನು ಹಳೇ ಸಾಮಾನಿನ ಹಾಗೆ ತಂದರು. ಮರುವರ್ಷ ಫ್ಲಾಪಿ ಹಾಕುವ ಒಂದು ಪಿಸಿ ಬಂತು. ಕಲಿಯಲು ಬರುವ ಹುಡುಗಿಯರ ಕೈಗೆ ಸಿಕ್ಕಿದರೆ ಪಿಸಿ ಹಾಳಾದೀತೆಂದು ಅದನ್ನು ಹಿಂಭಾಗದ ತಮ್ಮ ಕೋಣೆಯಲ್ಲಿಟ್ಟು ಬೀಗ ಹಾಕುತ್ತಿದ್ದರು. ಮುಂದಿನ ಹಾಲಿಗೂ ಆ ಕೋಣೆಗೂ ನಡುವೆ ಬಯಲು ತಾರಸಿ.

ಕಲಿಸಲು ಬಂದವಳು ಐವರ್ನಾಡಿನ ಕುಮುದಿನಿ. ಸುಳ್ಯದಲ್ಲಿ ಬಿ.ಎಸ್ಸಿ. ಮುಗಿಸಿ, ಮಂಗಳೂರಿನಲ್ಲಿ ಕಂಪ್ಯೂಟರ್ ಕೋರ್ಸ್ ಮಾಡಿದ್ದಳು. ಮನೆಯಲ್ಲಿ ಅರೆಭಾಷೆ, ಬಸ್ಸಿನಲ್ಲಿ ತುಳು, ಪಾಠಕ್ಕೆ ಕನ್ನಡ. ಮಾತು ಕಡಿಮೆ, ಹಿಡಿದದ್ದನ್ನು ಬಿಡುವ ಸ್ವಭಾವ ಇರಲಿಲ್ಲ. ಅವಳಿಗೆ ಹೊಟ್ಟೆ ಉರಿಯುತ್ತಿದ್ದದ್ದು ಒಂದೇ ವಿಷಯಕ್ಕೆ. ಬಿಬಿಸಿ ಯಂತ್ರಗಳಿಗೆ ಫ್ಲಾಪಿ ಇಲ್ಲ. ಬರೆದದ್ದನ್ನು ಟೇಪ್ ರೆಕಾರ್ಡರಿನ ಕ್ಯಾಸೆಟ್ಟಿನಲ್ಲಿ ಇಡಬೇಕು. ಪುತ್ತೂರಿನ ಮಳೆಗಾಲದಲ್ಲಿ ಕ್ಯಾಸೆಟ್ಟಿಗೆ ಬೂಸ್ಟು ಹಿಡಿಯುತ್ತದೆ. ಹುಡುಗಿಯರು ಬೆಳಗ್ಗಿನಿಂದ ಕೂತು ಬರೆದದ್ದು ಮಧ್ಯಾಹ್ನ ಕರೆಂಟು ಹೋದ ಕೂಡಲೇ ಮಾಯ. ಯಂತ್ರಗಳನ್ನೆಲ್ಲ ಪಿಸಿಗೆ ಜೋಡಿಸಿದರೆ ಎಲ್ಲರ ಕೆಲಸವೂ ಅದರ ಫ್ಲಾಪಿಯಲ್ಲಿ ಉಳಿಯುತ್ತಿತ್ತಲ್ಲ ಎಂದು ಅವಳು ಯೋಚಿಸುತ್ತಿದ್ದಳು.

ಅದೇ ಹೊತ್ತಿಗೆ ಸುಹರಾ ನಾಲ್ಕನೆಯ ಯಂತ್ರವನ್ನು ತಂದಳು. ಸುಹರಾ ಟೈಪಿಂಗ್ ಕಲಿಸುವವಳು, ಕೂರ್ನಡ್ಕದವಳು. ಅವಳ ತಮ್ಮ ಸುಲೈಮಾನನಿಗೆ ಚಿಕ್ಕಂದಿನಿಂದ ಕಾಲಿನ ಬಲ ಕುಗ್ಗುತ್ತ ಹೋಗುವ ಕಾಯಿಲೆ. ದುಬಾಯಿಯಲ್ಲಿದ್ದ ಮಾವ ಆದಂ ಕುಂಞಿ ಒಮ್ಮೆ ಊರಿಗೆ ಬಂದಾಗ, ಮಲಗಿದಲ್ಲೇ ಇರುವ ಹುಡುಗನ ಹೊತ್ತು ಹೋಗಲೆಂದು ಸ್ಪೆಕ್ಟ್ರಂ ಎಂಬ ಪುಟ್ಟ ಕಂಪ್ಯೂಟರ್ ತಂದುಕೊಟ್ಟಿದ್ದ. ರಬ್ಬರ್ ಕೀಲಿಗಳ, ನೋಟುಪುಸ್ತಕದಷ್ಟಗಲದ ಕಪ್ಪು ಯಂತ್ರ. ಟೀವಿಗೆ ಸಿಕ್ಕಿಸಿದರೆ ಕೆಲಸ ಮಾಡುತ್ತದೆ. ಸುಲೈಮಾನ ಅದರಲ್ಲೇ ಆರು ವರ್ಷ ಕಳೆದ. ಕಳೆದ ರಂಜಾನಿನ ನಂತರ ತೀರಿಕೊಂಡ. ತಾಯಿಯ ಅಳು ಇನ್ನೂ ನಿಂತಿರಲಿಲ್ಲ.

ಸುಹರಾ ಯಂತ್ರವನ್ನು ಟವೆಲಿನಲ್ಲಿ ಸುತ್ತಿ ತಂದು ಮೇಜಿನ ಮೇಲಿಟ್ಟಳು. "ಮನೆಯಲ್ಲಿ ಇದ್ರೆ ಉಮ್ಮ ಅದನ್ನು ನೋಡಿ ನೋಡಿ ಕೂಗುದು, ಕುಮುದಕ್ಕ. ಇಲ್ಲಿ ಇರ್ಲಿ. ಯಾರಾದ್ರೂ ಒತ್ತಲಿ," ಎಂದಳು.

ಜೊತೆಗೆ ಅವನ ಕ್ಯಾಸೆಟ್ಟುಗಳೂ ಇದ್ದವು. ಹೆಚ್ಚಿನವುಗಳಲ್ಲಿ ಕರಕರ ಸದ್ದು ಬಿಟ್ಟರೆ ಬೇರೇನೂ ಉಳಿದಿರಲಿಲ್ಲ. ಒಂದೇ ಒಂದು, ಹತ್ತಾರು ಸಲ ತಿರುಗಿಸಿದ ಮೇಲೆ, ಯಂತ್ರಕ್ಕೆ ಏರಿತು. ಅದು ಸುಲೈಮಾನ ತಾನೇ ಬರೆದ ಆಟ; ಪರದೆಯ ಮೇಲೆ ಕೆಂಪು ಬಸ್ಸೊಂದು ಎಡದಿಂದ ಬಲಕ್ಕೆ ಹೊರಟಿತು. ಪುತ್ತೂರಿನಿಂದ ಸುಳ್ಯಕ್ಕೆ ಹೋಗುವ ಬಸ್ಸು. ಕುಂಬ್ರ, ಬೆಳ್ಳಾರೆ, ಐವರ್ನಾಡು ಎಂದು ಇಂಗ್ಲಿಷ್ ಅಕ್ಷರಗಳಲ್ಲಿ ಒಂದೊಂದೇ ಸ್ಟಾಪಿನ ಹೆಸರು ಬರುತ್ತದೆ. ಕೀಲಿ ಒತ್ತಿದರೆ ಬಸ್ಸು ನಿಲ್ಲುತ್ತದೆ, ಬಾಗಿಲು ತೆರೆಯುತ್ತದೆ, ಗೊಂಬೆಯಂಥ ಜನ ಹತ್ತುತ್ತಾರೆ. ಆ ದಾರಿಯಲ್ಲಿ ಅವನು ಹೋದದ್ದು ಒಮ್ಮೆ ಮಾತ್ರ, ಸುಳ್ಯದ ಪಂಡಿತರೊಬ್ಬರಿಗೆ ಕಾಲು ತೋರಿಸಲು. ದಾರಿಯುದ್ದಕ್ಕೂ ಸ್ಟಾಪುಗಳ ಹೆಸರು ಕೇಳುತ್ತಿದ್ದನಂತೆ.

ಆ ಕ್ಯಾಸೆಟ್ಟಿಗೂ ಬೂಸ್ಟು ಹತ್ತಿತ್ತು. ಇನ್ನೊಂದು ಮಳೆಗಾಲ ದಾಟುವುದಿಲ್ಲ ಎಂದು ಕುಮುದಿನಿಗೆ ಗೊತ್ತಾಯಿತು. ಅಲ್ಲಿಯವರೆಗೆ ಯೋಚನೆಯಷ್ಟೇ ಆಗಿದ್ದದ್ದನ್ನು ಅವಳು ಕೈಗೆತ್ತಿಕೊಂಡಳು.

ಮೂರು ಜಾತಿಯ ಯಂತ್ರಗಳು, ಒಂದರ ಮಾತು ಇನ್ನೊಂದಕ್ಕೆ ತಿಳಿಯದು. ಪ್ರತಿಯೊಂದಕ್ಕೂ ಅಕ್ಷರಗಳನ್ನು ಒಂದರ ಹಿಂದೊಂದು ಹೊರಗೆ ಕಳಿಸುವ ಕಿಂಡಿ ಏನೋ ಇತ್ತು. ಆದರೆ ಬಿಬಿಸಿಯದು ದುಂಡು, ಪಿಸಿಯದು ಅಗಲ, ಸ್ಪೆಕ್ಟ್ರಮ್ಮಿನದು ಅದರ ಹೊಟ್ಟೆಯಡಿ ಸಿಕ್ಕಿಸುವ ಇನ್ನೊಂದು ಪೆಟ್ಟಿಗೆಯಲ್ಲಿ. ಒಂದರ ಹೊರಕಿಂಡಿಯಿಂದ ಮುಂದಿನದರ ಒಳಕಿಂಡಿಗೆ ತಂತಿ ಎಳೆಯುತ್ತ, ಕೊನೆಯದನ್ನು ಮತ್ತೆ ಮೊದಲನೆಯದಕ್ಕೆ ಸೇರಿಸಿ, ಒಂದು ಬಳೆಯ ಹಾಗೆ ಮಾಡಬೇಕೆಂದು ಕುಮುದಿನಿ ನಿಶ್ಚಯಿಸಿದಳು. ಬಂದ ಮಾತು ತನಗಲ್ಲವಾದರೆ ಯಂತ್ರ ಅದನ್ನು ಮುಂದಿನದಕ್ಕೆ ದಾಟಿಸಬೇಕು. ಹಾಗೆ ದಾಟಿಸುವ ಪ್ರೋಗ್ರಾಂ ಒಂದೊಂದಕ್ಕೂ ಬೇರೆ ಬೇರೆಯಾಗಿ ಬರೆದಳು. ಬೆಸುಗೆ ಹಾಕಲು ರೇಡಿಯೋ ರಿಪೇರಿಯ ಕುಶಾಲಪ್ಪನಿಂದ ಕಲಿತಳು. ಪಿಸಿ ಹಿಂದಿನ ಕೋಣೆಯಲ್ಲಿ ಇದ್ದದ್ದರಿಂದ ತಂತಿ ತಾರಸಿಯ ಮೇಲೆ ಹಾದುಹೋಗಬೇಕಾಯಿತು.

ರೈಗಳು ಬೇಡವೆನ್ನಲಿಲ್ಲ. ಅವರ ಲೆಕ್ಕ ಬೇರೆಯೇ ಇತ್ತು. ಸುಳ್ಯದಲ್ಲಿ ತೀರ್ಥರಾಮ ಗೌಡರೆಂಬವರು ಹೊಸ ಕಾಲೇಜು ಕಟ್ಟುತ್ತಿದ್ದರು. ಅಲ್ಲಿ ಕಂಪ್ಯೂಟರ್ ವಿಭಾಗ ಮಾಡುವ ಮಾತಿತ್ತು. ಯಂತ್ರಗಳು ಒಂದಕ್ಕೊಂದು ಮಾತಾಡುವುದನ್ನು ತೋರಿಸಿದರೆ ಇಡೀ ಸೆಂಟರನ್ನೇ, ಕಲಿಸುವ ಇಬ್ಬರು ಹೆಂಗಸರ ಸಮೇತ, ಅವರು ತೆಗೆದುಕೊಂಡಾರು ಎಂದು ರೈಗಳು ಆಸೆ ಹುಟ್ಟಿಸಿದ್ದರು. ಕುಮುದಿನಿಗೂ ಆ ಆಸೆ ನಿಧಾನಕ್ಕೆ ಹತ್ತಿಕೊಂಡಿತು.

ಬಳೆ ಎಷ್ಟೋ ಸಲ ತುಂಡಾಯಿತು. ಒಂದು ಯಂತ್ರ ಬೇಗ ಕಳಿಸುತ್ತದೆ, ಇನ್ನೊಂದಕ್ಕೆ ಅಷ್ಟು ಬೇಗ ನುಂಗಲಾಗದು. ಸ್ಪೆಕ್ಟ್ರಂ ಅಂತೂ ಪ್ರೋಗ್ರಾಮಿನ ಒಂದು ಇಡೀ ಪದವನ್ನು ಒಂದೇ ಗುರುತಿನಲ್ಲಿ ಇಟ್ಟುಕೊಳ್ಳುವ ಜಾತಿ. ಅದು ಕಳಿಸಿದ್ದು ಪಿಸಿಯಲ್ಲಿ ಹುಳಹುಪ್ಪಟೆಯಂತೆ ಕಾಣುತ್ತಿತ್ತು. ಕುಮುದಿನಿ ವೇಗ ತಗ್ಗಿಸಿದಳು, ಗುರುತುಗಳನ್ನು ಅಂಕಿಗಳಾಗಿ ಬಿಡಿಸಿ ಕಳಿಸಿದಳು. ಏಪ್ರಿಲ್ ತಿಂಗಳ ಒಂದು ಬೆಳಗ್ಗೆ ಬಸ್ಸಿನ ಪ್ರೋಗ್ರಾಂ ಸ್ಪೆಕ್ಟ್ರಮ್ಮಿನಿಂದ ಹೊರಟು, ಎರಡು ಬಿಬಿಸಿಗಳನ್ನು ಹಾದು, ತಾರಸಿ ದಾಟಿ, ಪಿಸಿಯ ಫ್ಲಾಪಿಯಲ್ಲಿ ಕೂತಿತು. ಆಮೇಲೆ ಅವಳು ಸ್ಪೆಕ್ಟ್ರಮ್ಮನ್ನು ಆರಿಸಿ, ಮತ್ತೆ ಹಾಕಿ, ಖಾಲಿ ತಲೆಯ ಅದಕ್ಕೆ ಫ್ಲಾಪಿಯಿಂದ ವಾಪಸು ತರಿಸಿದಳು. ಹೊತ್ತು ಹಿಡಿಯಿತು. ಕೊನೆಗೆ ಕೆಂಪು ಬಸ್ಸು ಪುತ್ತೂರಿನಿಂದ ಹೊರಟಿತು. ಸುಹರಾ ಬಾಯಿಗೆ ಸೆರಗು ಒತ್ತಿಕೊಂಡು ನಿಂತಿದ್ದಳು. ಬೆಳ್ಳಾರೆ ಬಂದಾಗ ತಾನೇ ಕೀಲಿ ಒತ್ತಿ ಬಸ್ಸು ನಿಲ್ಲಿಸಿದಳು. ಜನ ಹತ್ತಿದಾಗ ನಕ್ಕಳು. ಶಾಲೆಗೆ ರಜೆ ಸಿಕ್ಕಿದೊಡನೆ ಉಮ್ಮನನ್ನು ಕರೆತಂದು ತೋರಿಸುವುದೆಂದು ಇಬ್ಬರೂ ಮಾತಾಡಿಕೊಂಡರು. ಮನೆಯಲ್ಲಿ ಸುಹರಾಳ ಅಕ್ಕನ ಮಕ್ಕಳು ಶಾಲೆಗೆಂದು ಇದ್ದರು. ರಜೆಗೆ ಅವರು ತಮ್ಮ ಮನೆಗೆ ಹೋಗುವವರೆಗೆ ಉಮ್ಮ ಹೊರಡುವಂತಿರಲಿಲ್ಲ.

ಅದಕ್ಕೂ ಮೊದಲೇ ತೀರ್ಥರಾಮ ಗೌಡರು ಬರುವ ದಿನ ಗೊತ್ತಾಯಿತು. ಹಿಂದಿನ ದಿನ ರೈಗಳು ಕಡಬಕ್ಕೆ ಮದುವೆಗೆ ಹೋಗಿದ್ದರು. ಕೋಣೆಯ ಬೀಗದ ಕೈ ಅವರ ಜೇಬಿನಲ್ಲಿ. ಸಂಜೆ ನಾಲ್ಕರ ಹೊತ್ತಿಗೆ ಬಲ್ನಾಡಿನ ಕಡೆಯಿಂದ ಮೋಡ ಕವಿಯಿತು. ಆ ಊರಿನಲ್ಲಿ ಗುಡುಗು ಕೇಳಿದರೆ ಮೊದಲು ಪ್ಲಗ್ಗು ಕಳಚುವುದು ಮಕ್ಕಳಿಗೂ ರೂಢಿ. ಹಾಲಿನ ಮೂರು ಯಂತ್ರಗಳ ಪ್ಲಗ್ಗನ್ನೂ ಕುಮುದಿನಿ ಗೋಡೆಯಿಂದ ಕಿತ್ತಳು. ಪಿಸಿಯ ಪ್ಲಗ್ಗು ಬೀಗ ಹಾಕಿದ ಕೋಣೆಯೊಳಗೆ.

ಸುಹರಾ ತಾರಸಿಗೆ ಹೋಗುವ ತಂತಿಯನ್ನು ತೋರಿಸಿ ಕೇಳಿದಳು. "ಇದನ್ನೂ ತೆಗಿಬೇಕಾ?"

ಕುಮುದಿನಿಯ ಕೈ ತಂತಿಯ ತುದಿಯವರೆಗೆ ಹೋಯಿತು. ಆ ದುಂಡು ತುದಿಯ ಬೆಸುಗೆ ಬಲು ನಾಜೂಕು. ಹಿಂದಿನ ವಾರ ತೆಗೆದು ಹಾಕಿದ್ದಕ್ಕೆ ಬಳೆ ಮತ್ತೆ ಎಚ್ಚರಗೊಳ್ಳಲು ಒಂದು ಇಡೀ ಬೆಳಗ್ಗೆ ಬೇಕಾಗಿತ್ತು. ನಾಳೆ ಗೌಡರು ಹತ್ತು ಗಂಟೆಗೇ ಬರುವವರು.

"ಬೇಡ, ಅದು ಹಾಗೇ ಇರ್ಲಿ. ಪ್ಲಗ್ ತೆಗ್ದಾಯ್ತಲ್ಲ," ಎಂದಳು.

ಇಬ್ಬರೂ ಬಾಗಿಲು ಹಾಕಿ ಹೊರಟರು. ಕುಮುದಿನಿಯ ಬಸ್ಸು ಕುಂಬ್ರ ದಾಟುವಾಗ ಹಿಂದೆ ಆಕಾಶ ಸೀಳಿದ ಹಾಗೆ ಮಿಂಚಿತು.

ಮರುದಿನ ಬೆಳಗ್ಗೆ ಹಾಲಿನಲ್ಲಿ ಸುಟ್ಟ ವಾಸನೆ. ರೈಗಳು ಕೋಣೆ ತೆರೆದರು. ಪಿಸಿಯ ಪೆಟ್ಟಿಗೆಯ ಹಿಂಭಾಗ ಕಪ್ಪಾಗಿತ್ತು. ಸಿಡಿಲು ಕರೆಂಟಿನ ಲೈನಿನಿಂದ ಪಿಸಿಗೆ ಇಳಿದು, ಪಿಸಿಯಿಂದ ತಂತಿ ಹಿಡಿದು ತಾರಸಿ ದಾಟಿ, ಒಂದರಿಂದ ಒಂದಕ್ಕೆ ಎಲ್ಲವನ್ನೂ ಮುಟ್ಟಿಕೊಂಡು ಹೋಗಿತ್ತು. ಕುಮುದಿನಿ ಒಂದೊಂದನ್ನೇ ಹಾಕಿ ನೋಡಿದಳು. ಒಂದು ಬಿಬಿಸಿ ಬೀಪ್ ಎಂದು ಎದ್ದಿತು, ಆದರೆ ಕಿಂಡಿ ಸತ್ತಿತ್ತು. ಇನ್ನೊಂದು ಏಳಲೇ ಇಲ್ಲ. ಸ್ಪೆಕ್ಟ್ರಂ ಹಾಕಿದರೆ ಟೀವಿಯಲ್ಲಿ ಬೂದಿಬಣ್ಣದ ಗೆರೆಗಳು ಬಂದು ನಿಂತವು. ತಂತಿ ಇಲ್ಲದಿದ್ದರೆ ಸಾಯುತ್ತಿದ್ದದ್ದು ಪಿಸಿ ಒಂದೇ. ಅದನ್ನು ಯಾರೂ ಅವಳಿಗೆ ಹೇಳಬೇಕಾಗಿರಲಿಲ್ಲ.

ರೈಗಳು ಬೈಯಲಿಲ್ಲ. "ಎಂತ ಮಾಡುದು ಮಾರಾಯ್ತಿ, ಬೀಗದ ಕೈ ನನ್ನ ಹತ್ತಿರ ಇತ್ತಲ್ಲ," ಎಂದು ಕುರ್ಚಿಯಲ್ಲಿ ಕುಸಿದರು. ಬೈದಿದ್ದರೆ ಅವಳಿಗೆ ಹಗುರಾಗುತ್ತಿತ್ತು.

ತೀರ್ಥರಾಮ ಗೌಡರು ಹೇಳಿದ ಹೊತ್ತಿಗೇ ಬಂದರು. ಕುಮುದಿನಿ ನಡೆದದ್ದನ್ನು ಅವರಿಗೆ ಅರೆಭಾಷೆಯಲ್ಲೇ ಹೇಳಿದಳು. ಅವರು ತಂತಿಯನ್ನು ಬೆರಳಿನಿಂದ ಸವರಿ ನೋಡಿದರು, ಚಾ ಕುಡಿದರು, ಇನ್ನೊಮ್ಮೆ ನೋಡುವ ಎಂದು ಹೇಳಿ ಹೋದರು. ಜೂನಿನಲ್ಲಿ ಅವರ ಕಾಲೇಜು ಕಂಪ್ಯೂಟರ್ ಇಲ್ಲದೆ ಶುರುವಾಯಿತು.

ಬಸ್ಸಿದ್ದ ಫ್ಲಾಪಿಯನ್ನು ಹಿಂದಿನ ವಾರವೇ ಕುಮುದಿನಿ ಪಿಸಿಯಿಂದ ತೆಗೆದು ಡಬ್ಬಿಯಲ್ಲಿಟ್ಟಿದ್ದಳು. ಅದಕ್ಕೇನೂ ಆಗಿರಲಿಲ್ಲ. ಕ್ಯಾಸೆಟ್ಟು ಮಾತ್ರ, ಬೂಸ್ಟು ಒರೆಸಿ ತಿರುಗಿಸುವಾಗ, ಟೇಪ್ ರೆಕಾರ್ಡರಿಗೆ ಸಿಕ್ಕಿ ಹರಿದುಹೋಯಿತು. ಫ್ಲಾಪಿಯಲ್ಲಿ ಬಸ್ಸು ಪೂರ್ತಿಯಾಗಿ ಇತ್ತು, ಆದರೆ ಅದನ್ನು ಓಡಿಸುವ ಯಂತ್ರ ಈಗ ಇರಲಿಲ್ಲ. ಮಂಗಳೂರಿನ ಅಂಗಡಿಯವನು ಸ್ಪೆಕ್ಟ್ರಮ್ಮಿನ ಒಳಗೆ ನೋಡಿ, ಸುಟ್ಟದ್ದು ಅದಕ್ಕೆಂದೇ ಮಾಡಿದ ಚಿಪ್, ಎಲ್ಲಿಯೂ ಸಿಗದು ಎಂದ. ದುಬಾಯಿಯಿಂದ ಆದಂ ಕುಂಞಿ ಫೋನಿನಲ್ಲಿ, ಆ ಜಾತಿಯದನ್ನು ಈಗ ಯಾರೂ ಮಾರುವುದಿಲ್ಲ ಎಂದ.

ಯಂತ್ರವನ್ನು ಹಿಂದಿರುಗಿಸಲು ಕುಮುದಿನಿ ತಾನೇ ಕೂರ್ನಡ್ಕಕ್ಕೆ ಹೋದಳು. ಸುಹರಾ ಮನೆಯಲ್ಲಿ ಏನೂ ಹೇಳಿರಲಿಲ್ಲ. ಉಮ್ಮ ಮಂಚದ ಮೇಲಿನ ಬಟ್ಟೆಗಳನ್ನು ಸರಿಸಿ ಜಾಗ ಮಾಡಿಕೊಟ್ಟರು. ಟವೆಲು ಬಿಚ್ಚಿ ಕೀಲಿಗಳ ಮೇಲೆ ಕೈಯಾಡಿಸಿದರು. ಬಸ್ಸು ಹೋಗುವುದು ಕಾಣುತ್ತದಂತಲ್ಲ, ಟೀವಿಗೆ ಹಾಕಿ ತೋರಿಸುತ್ತೀಯಾ ಎಂದು ತುಳುವಿನಲ್ಲಿ ಕೇಳಿದರು.

ಕುಮುದಿನಿ ಟೀವಿಯ ಕಡೆ ನೋಡಲಿಲ್ಲ. "ಹಾಳಾಗಿದೆ ಉಮ್ಮ. ಸಿಡಿಲು ಬಡಿದದ್ದು. ನಾನು ತಂತಿ ತೆಗೆಯದ್ದಕ್ಕೆ ಹೋಯ್ತು."

ಉಮ್ಮ ಸುಹರಾಳನ್ನು ನೋಡಿದರು. ಸುಹರಾ ತಲೆ ತಗ್ಗಿಸಿದಳು. ಉಮ್ಮ ಅಳಲಿಲ್ಲ. ಯಂತ್ರವನ್ನು ಟವೆಲಿನಲ್ಲಿ ಮತ್ತೆ ಸುತ್ತಿ ಗೋದ್ರೇಜ್ ಬೀರುವಿನೊಳಗೆ, ಮಗನ ಅಂಗಿಗಳಿದ್ದಲ್ಲಿ ಇಟ್ಟರು. ಊಟ ಮಾಡಿ ಹೋಗು ಎಂದರು. ಕುಮುದಿನಿ ತಟ್ಟೆಯ ಮುಂದೆ ಕೂತಳು. ಬಡಿಸಿದಷ್ಟನ್ನೂ ಉಂಡಳು.

ಮಳೆಗಾಲ ಹಿಡಿಯುವ ಮೊದಲು ರೈಗಳು ಕುಶಾಲಪ್ಪನಿಂದ ತಂತಿ ಬಿಚ್ಚಿಸಿದರು. ಹಾಲಿನಲ್ಲಿ ಮತ್ತೆ ಟೈಪ್‌ರೈಟರುಗಳ ಸದ್ದೇ ಉಳಿಯಿತು. ಕುಮುದಿನಿ ಮೊದಲ ಬ್ಯಾಚಿಗೆ ಇಂಗ್ಲಿಷ್ ಟೈಪಿಂಗ್ ಕಲಿಸತೊಡಗಿದಳು. ದೀಪಾವಳಿಯ ಹೊತ್ತಿಗೆ ಮಂಗಳೂರಿಗೆ ಹೋದವಳು ಗುರುತಿನವರೊಬ್ಬರ ಪಿಸಿಯಲ್ಲಿ ಆ ಫ್ಲಾಪಿ ಹಾಕಿ ನೋಡಿದಳು. ಯಂತ್ರ ಗರಗರ ತಿರುಗಿಸಿ, ಓದಲಾಗುವುದಿಲ್ಲ ಎಂದಿತು. ತೆಗೆದು ಒರೆಸಿ ಮತ್ತೆ ಹಾಕಿದಳು. ಅದೇ ಮಾತು. ಫ್ಲಾಪಿಯ ಲಕೋಟೆಯಂಥ ಕವಚದ ಕಿಂಡಿಯನ್ನು ಬೆಳಕಿಗೆ ಹಿಡಿದರೆ ಕಂದು ತಟ್ಟೆಯ ಮೇಲೆ ಬೂಸ್ಟಿನ ಬಿಳಿ ಚುಕ್ಕೆಗಳು ಕಂಡವು.

ಅದನ್ನು ಅವಳು ಸುಹರಾಳಿಗೆ ಹೇಳಲಿಲ್ಲ. ಸುಹರಾಳೂ ಎಂದೂ ಕೇಳಲಿಲ್ಲ.